ಶನಿವಾರದ ಸಿನಿಮಾ ಬಗ್ಗೆ ಪೋಷಕರಿಗೆ ಪತ್ರ

ಸಿಂಧನೂರು ತಾಲ್ಲೂಕು, ರಾಯಚೂರು ಜಿಲ್ಲೆ

ಪೋಷಕರೆಲ್ಲರಿಗೂ ನಮಸ್ಕಾರ.

ಕಳೆದ ಶನಿವಾರ ಒಂಬತ್ತು, ಹತ್ತನೇ ತರಗತಿ ಮಕ್ಕಳಿಗೆ ‘ಬಂಗಾರದ ಮನುಷ್ಯ’ ತೋರಿಸಿದೆವು. ಮರುದಿನವೇ ಕೆಲವರು ಫೋನ್ ಮಾಡಿದಿರಿ. ‘ಸಿನಿಮಾ ಚಲೋ ಐತ್ರಿ, ಆದ್ರ ಆಮೇಲೆ ಜಾತಿ, ಭಾಷೆ ಅಂತ ಯಾಕ ಮಾತಾಡಿಸಿದ್ರಿ?’ ಎಂದು ಕೇಳಿದಿರಿ. ಕೇಳಿದ್ದು ಒಳ್ಳೆಯದಾಯಿತು.

ಸಿದ್ದಲಿಂಗಯ್ಯ ನಿರ್ದೇಶಿಸಿದ ಈ ಸಿನಿಮಾ ಬಂದಿದ್ದು 1972ರಲ್ಲಿ. ಭಾವ ತೀರಿಕೊಂಡ ಮೇಲೆ ರಾಜೀವ ಅಕ್ಕನ ಮನೆಗೆ ಬರುತ್ತಾನೆ, ಒಕ್ಕಲುತನಕ್ಕೆ ಇಳಿದು ಆ ಸಂಸಾರವನ್ನು ಎತ್ತಿ ನಿಲ್ಲಿಸುತ್ತಾನೆ. ನಮ್ಮ ಹಿರಿಯರು ಅತ್ತುಕೊಂಡು ನೋಡಿದ ಸಿನಿಮಾ ಇದು. ನನಗೂ ಇಷ್ಟ. ಅಕ್ಕನ ಪಾತ್ರ ಮಾಡಿದವರು ಆದವಾನಿ ಲಕ್ಷ್ಮೀದೇವಿ. ರಾಯಚೂರಿಂದ ರೈಲು ಹತ್ತಿದರೆ ಮಂತ್ರಾಲಯ ರೋಡ್ ದಾಟಿ ಸಿಗುತ್ತಲ್ಲ, ಅದೇ ಆದವಾನಿ. ಹೆಸರಲ್ಲಾದರೂ ನಮ್ಮ ಕಡೆಯ ಊರೊಂದು ಬಂತು ಅಂತ ಖುಷಿ!

ಜಾತಿ, ಭಾಷೆಯ ಮಾತು ತೆಗೆದವರು ನಾವಲ್ಲ, ಮಕ್ಕಳೇ. ‘ರಾಜೀವ ಯಾಕ ನಮ್ಮಂಗ ಮಾತಾಡಂಗಿಲ್ರಿ?’ ಎಂದು ಒಬ್ಬ ಹುಡುಗ ಎದ್ದ. ಎಲ್ಲರೂ ನಕ್ಕರು. ನಮ್ಮ ಮಾತು ಸಿನಿಮಾದಲ್ಲಿ ಬಂದರೂ ಜಾಸ್ತಿ ನಗಿಸೋಕೇ ಬರುತ್ತೆ, ಅಲ್ವಾ? ಆಮೇಲೆ ಒಬ್ಬ ಹುಡುಗಿ ಎದ್ದಳು. ಅವರ ಮನೆಯವರು ಬೇಸಿಗೆಯಲ್ಲಿ ಗುಳೆ ಹೋಗುವವರು. ‘ಹೊಲದಾಗ ಕೂಲಿ ಮಾಡಿದವರ ಮನಿ ಕತಿ ಯಾವ ಸಿನಿಮಾದಾಗ ಐತ್ರಿ?’ ಅಂದಳು. ಈ ಸಲ ಯಾರೂ ನಗಲಿಲ್ಲ.

ಆ ಕೋಣೆಯಲ್ಲಿ ಯಾರ್ಯಾರು ಕೂತಿದ್ದರು ನೋಡಿ. ಮನೆಯಲ್ಲಿ ತೆಲುಗು ಆಡುವ ಕ್ಯಾಂಪಿನ ಮಕ್ಕಳು, ಉರ್ದು ಆಡುವವರು, ತಾಂಡಾದವರು, ಪುನರ್ವಸತಿ ಕ್ಯಾಂಪಿನ ಬಂಗಾಳಿ ಮಕ್ಕಳು. ಇವರ ಮನೆ ಪರದೆ ಮೇಲೆ ಕಾಣದಿದ್ದರೆ ಅವರು ಕೇಳಬೇಕು. ಕೇಳಿದರೆ ರಾಜಕುಮಾರ್ ಅವರಿಗೇನೂ ಕಡಿಮೆ ಆಗಲ್ಲ. ಸುಮ್ನಿರು ಅಂತ ಕೂರಿಸೋದು ಸುಲಭ. ನನಗೆ ಅದು ಒಪ್ಪಲಿಲ್ಲ.

ಆ ಹುಡುಗಿಯ ಪ್ರಶ್ನೆಗೆ ಉತ್ತರವಾಗಿ ಈ ಶನಿವಾರ ‘ಚೋಮನ ದುಡಿ’ ತೋರಿಸುತ್ತೇವೆ. ಶಿವರಾಮ ಕಾರಂತರ ಕಾದಂಬರಿ, 1975ರಲ್ಲಿ ಬಿ.ವಿ. ಕಾರಂತರು ಸಿನಿಮಾ ಮಾಡಿದರು. ದೇಶದ ಅತ್ಯುತ್ತಮ ಚಿತ್ರ ಎಂದು ಸ್ವರ್ಣ ಕಮಲ ಸಿಕ್ಕಿತು. ಇದೂ ಒಂದು ಸಂಸಾರದ ಕಥೆ, ಇಲ್ಲೂ ನೆಲದ ಆಸೆಯೇ. ರಾಜೀವ ಬಯಸಿ ಒಕ್ಕಲುತನಕ್ಕೆ ಬಂದ. ಚೋಮನ ಹತ್ತಿರ ಜೋಡಿ ಎತ್ತುಗಳಿವೆ, ರಟ್ಟೆಯಲ್ಲಿ ಬಲವೂ ಇದೆ. ಆದರೆ ದಲಿತ ಎಂಬ ಕಾರಣಕ್ಕೆ ಅವನಿಗೆ ಉಳೋಕೆ ತುಂಡು ನೆಲ ಸಿಗಲ್ಲ. ಅವನ ಮಗ ನೀರಲ್ಲಿ ಮುಳುಗುವಾಗ ಮುಟ್ಟಬಾರದು ಎಂದು ದಡದಲ್ಲಿದ್ದವರು ಕೈ ಚಾಚುವುದಿಲ್ಲ.

ನೋಡೋಕೆ ಕಷ್ಟದ ಸಿನಿಮಾ. ಚೋಮನ ಮಗಳು ಬೆಳ್ಳಿ ತೋಟದಲ್ಲಿ ಅನುಭವಿಸುವ ಶೋಷಣೆಯ ಬಗ್ಗೆ ಹೆಣ್ಣುಮಕ್ಕಳ ಜೊತೆ ಶಿಕ್ಷಕಿಯರು ಬೇರೆಯಾಗಿ ಮಾತಾಡುತ್ತಾರೆ. ಚಿಕ್ಕ ತರಗತಿಯವರಿಗೆ ಇದು ಇಲ್ಲ. ನಿಮ್ಮ ಮಗುವಿಗೆ ಬೇಡ ಅನಿಸಿದರೆ ಶುಕ್ರವಾರದೊಳಗೆ ಹೇಳಿ.

ಬೆಳಗಿನ ಶಾಲೆ ಬಿಟ್ಟ ಮೇಲೆ ಶುರು. ಬಿಡುವಿದ್ದವರು ಬನ್ನಿ. ಕೂಲಿಗೆ, ನಾಟಿಗೆ ಹೋಗುವ ತಾಯಂದಿರು ಮಕ್ಕಳೆದುರು ಹತ್ತು ನಿಮಿಷ ತಮ್ಮ ಕೆಲಸದ ಬಗ್ಗೆ ಮಾತಾಡಿದರೆ ಬಹಳ ಚಲೋ. ಯಾವ ಭಾಷೆಯಲ್ಲಾದರೂ ಸರಿ, ಕನ್ನಡಕ್ಕೆ ಮಕ್ಕಳೇ ಹೇಳುತ್ತಾರೆ.

ಇಂತಿ,
ಮುಖ್ಯಗುರುಗಳು