ಜರ್ಸಿ ಬಟ್ಟೆ ಪರೀಕ್ಷೆಗೆ ಹುಬ್ಬಳ್ಳಿಯಲ್ಲೇ ಒಂದು ಲ್ಯಾಬ್ ಕೊಡಿ: ಜಿಲ್ಲಾ ಉಸ್ತುವಾರಿ ಸಚಿವರಿಗೆ ಬಹಿರಂಗ ಪತ್ರ

ಮಾನ್ಯ ಧಾರವಾಡ ಜಿಲ್ಲಾ ಉಸ್ತುವಾರಿ ಸಚಿವರಿಗೆ ನಮಸ್ಕಾರ.

ಸಾಹೇಬರೇ, ನಾನು ಹುಬ್ಬಳ್ಳಿಯಲ್ಲಿ ಆಟದ ಬಟ್ಟೆ ಹೊಲಿಸುವವನು. ಕಬಡ್ಡಿ, ಖೋಖೋ, ಕ್ರಿಕೆಟ್ ತಂಡಗಳ ಜರ್ಸಿ, ಶಾಲೆ ಮಕ್ಕಳ ಟ್ರ್ಯಾಕ್ ಪ್ಯಾಂಟ್, ಇದೇ ನಮ್ಮ ದುಡಿಮೆ. ಗದಗ, ಹಾವೇರಿ ಕಡೆಯಲ್ಲೂ ನನ್ನಂಥ ಸಣ್ಣ ಯೂನಿಟ್‌ನವರು ಇದ್ದಾರೆ. ನಾವೆಲ್ಲ ಕತ್ತರಿಸಿ ಹೊಲಿಯುವುದು ಹೆಚ್ಚುಕಡಿಮೆ ಒಂದೇ ಥರದ ಬಟ್ಟೆ, ಗಾಳಿಯಾಡುವ ಪಾಲಿಯೆಸ್ಟರ್ ನಿಟ್, ಅಂದರೆ ನೇಯದೆ ಹೆಣೆದ ಬಟ್ಟೆ. ಅಂಗಡಿಯಲ್ಲಿ ಡಾಟ್‌ನಿಟ್, ರೈಸ್‌ನಿಟ್, ಡ್ರೈಫಿಟ್ ಅಂತ ಕೇಳಿ ತರುತ್ತೇವೆ. ನಮಗೆ ಬರುವ ರೋಲ್‌ಗಳೆಲ್ಲ ತಿರುಪ್ಪೂರು, ಸೂರತ್, ಲೂಧಿಯಾನದ ಮಾಲು.

ಬೇಡಿಕೆ ಮೊದಲೇ ಹೇಳಿಬಿಡುತ್ತೇನೆ. ಹುಬ್ಬಳ್ಳಿ-ಧಾರವಾಡದಲ್ಲಿ ಈ ಬಟ್ಟೆಯನ್ನು ಪರೀಕ್ಷೆ ಮಾಡುವ ಒಂದು ಲ್ಯಾಬ್ ಬೇಕು, ಸಣ್ಣ ಯೂನಿಟ್‌ನವರಿಗೆ ಕೈಗೆಟುಕುವ ದರದಲ್ಲಿ. ಮತ್ತೆ, ಸರ್ಕಾರಿ ದುಡ್ಡಿನಲ್ಲಿ ಮಕ್ಕಳಿಗೆ ಜರ್ಸಿ ಕೊಳ್ಳುವಾಗ ಬಟ್ಟೆ ಹೇಗಿರಬೇಕು ಅಂತ ಟೆಂಡರ್‌ನಲ್ಲೇ ಸ್ಪಷ್ಟವಾಗಿ ಬರೆಸಬೇಕು.

ನಮ್ಮದು ಹತ್ತಿ ಬೆಳೆಯುವ ನಾಡು, ಪಾಲಿಯೆಸ್ಟರ್ ಯಾಕೆ ಅಂತ ನೀವು ಕೇಳಬಹುದು. ಹತ್ತಿ ನೂಲು ಗಾಳಿಯಲ್ಲಿನ ತೇವವನ್ನೇ ತನ್ನ ತೂಕದ ಸುಮಾರು 8 ಶೇಕಡಾದಷ್ಟು ಹಿಡಿದುಕೊಳ್ಳುತ್ತದೆ. ಪಾಲಿಯೆಸ್ಟರ್ ಹಿಡಿಯುವುದು 0.4 ಶೇಕಡಾ ಮಾತ್ರ. ಉಡಲು ಹತ್ತಿ ಚೆಂದ, ನಾನೂ ಹತ್ತಿ ಅಂಗಿಯನ್ನೇ ಹಾಕುವವನು. ಆದರೆ ಏಪ್ರಿಲ್ ಬಿಸಿಲಲ್ಲಿ ಕಬಡ್ಡಿ ಆಡುವ ಹುಡುಗನ ಹತ್ತಿ ಬನಿಯನ್ ಬೆವರು ಕುಡಿದು ಭಾರವಾಗುತ್ತದೆ, ಮೈಗೆ ಅಂಟುತ್ತದೆ, ಬೇಗ ಒಣಗುವುದಿಲ್ಲ.

ಹಾಗಂತ ಪಾಲಿಯೆಸ್ಟರ್ ಎಲ್ಲವೂ ಒಂದೇ ಅಲ್ಲ. ಸಾದಾ ಪಾಲಿಯೆಸ್ಟರ್ ಎಳೆ ಗಾಜಿನ ಕಡ್ಡಿ ಥರ ನುಣ್ಣಗೆ, ನೆಟ್ಟಗೆ ಇರುತ್ತದೆ. ಅದನ್ನು ಕಾಯಿಸಿ, ಎಳೆದು, ಹುರಿ ಹಾಕಿ, ಮತ್ತೆ ಹುರಿ ಬಿಚ್ಚುತ್ತಾರೆ. ಆಗ ಎಳೆಗಳು ಗುಂಗುರಾಗಿ ನಿಲ್ಲುತ್ತವೆ, ನೂಲು ಉಬ್ಬುತ್ತದೆ, ಸ್ವಲ್ಪ ಹಿಗ್ಗುತ್ತದೆ. ಇದೇ ಟೆಕ್ಸ್ಚರ್ಡ್ ನೂಲು, ವ್ಯಾಪಾರದಲ್ಲಿ ಡಿಟಿವೈ ಅನ್ನುತ್ತಾರೆ. ನೂಲಿನ ಮೇಲೆ 75/36, 75/72 ಅಂತ ಬರೆದಿರುತ್ತದಲ್ಲ, ಮೊದಲನೆಯದು ದಪ್ಪದ ಲೆಕ್ಕ, ಎರಡನೆಯದು ಅದರೊಳಗೆ ಎಷ್ಟು ಎಳೆ ಇವೆ ಅನ್ನುವುದು. ದಪ್ಪ ಅಷ್ಟೇ ಇದ್ದು ಎಳೆ ಜಾಸ್ತಿಯಾದಷ್ಟೂ ನಡುವಿನ ಸಂದು ಸಣ್ಣದಾಗುತ್ತದೆ, ಆ ಸಂದುಗಳಲ್ಲೇ ಬೆವರು ಮೈಯಿಂದ ಬಟ್ಟೆಯ ಹೊರಮೈಗೆ ಹರಿದು ಬಂದು ಆರಿಹೋಗುತ್ತದೆ. ಮೇಲೆ ಹೆಣಿಗೆಯಲ್ಲಿ ಸಣ್ಣ ಸಣ್ಣ ಕಣ್ಣು ಬಿಟ್ಟರೆ ಗಾಳಿಯೂ ಆಡುತ್ತದೆ. ನೂಲು ಮತ್ತು ಹೆಣಿಗೆ, ಇವೆರಡೂ ಸರಿ ಇದ್ದರೆ ಮಾತ್ರ ಅದು ಆಟದ ಬಟ್ಟೆ.

ಆದರೆ ರೋಲ್ ಮುಟ್ಟಿ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ. ನಮ್ಮ ತೊಂದರೆ ಇರುವುದೇ ಇಲ್ಲಿ.

ತೂಕದ ಮಾತು ತೆಗೆದುಕೊಳ್ಳಿ. ಈ ಬಟ್ಟೆಯನ್ನು ನಾವು ಕಿಲೋ ಲೆಕ್ಕದಲ್ಲಿ ಕೊಂಡು, ಜರ್ಸಿಯನ್ನು ಪೀಸ್ ಲೆಕ್ಕದಲ್ಲಿ ಮಾರುತ್ತೇವೆ. 72 ಇಂಚು ಅಗಲದ ಬಟ್ಟೆ 140 ಜಿಎಸ್‌ಎಂ ಇದ್ದರೆ, ಅಂದರೆ ಒಂದು ಚದರ ಮೀಟರ್‌ಗೆ 140 ಗ್ರಾಂ ತೂಗಿದರೆ, ಕಿಲೋಗೆ ಸುಮಾರು 3.9 ಮೀಟರ್ ಸಿಗುತ್ತದೆ. ಬಿಲ್‌ನಲ್ಲಿ 140 ಅಂತ ಬರೆದು 165ರ ಬಟ್ಟೆ ಕಳಿಸಿದರೆ ಸಿಗುವುದು 3.3 ಮೀಟರ್. 100 ಕಿಲೋ ಲಾಟ್‌ನಲ್ಲಿ ಹತ್ತಿರ ಹತ್ತಿರ 60 ಮೀಟರ್ ಬಟ್ಟೆ ಮಾಯ! ಅದನ್ನು ತುಂಬಿಕೊಡುವವರು ಯಾರೂ ಇಲ್ಲ. ನಮ್ಮ ಹತ್ತಿರ ದುಂಡಗಿನ ಕಟರ್ ಇದೆ, 100 ಚದರ ಸೆಂಟಿಮೀಟರ್ ತುಂಡು ಕತ್ತರಿಸಿ ಕಾಟಾದ ಮೇಲಿಟ್ಟರೆ 1.4 ಗ್ರಾಂ ತೋರಿಸಬೇಕು. 1.65 ತೋರಿಸಿತು ಅಂತ ಫೋಟೋ ಕಳಿಸಿದರೆ "ನಿಮ್ಮ ಕಾಟಾ ಸರಿ ಇಲ್ಲ" ಅನ್ನುವ ಉತ್ತರ ಬರುತ್ತದೆ. ಒಂದು ಲ್ಯಾಬಿನ ಸೀಲು ಹಾಕಿದ ಕಾಗದ ಕೈಯಲ್ಲಿದ್ದರೆ ಈ ಮಾತು ಅಲ್ಲಿಗೇ ಮುಗಿಯುತ್ತಿತ್ತು.

ತೂಕಕ್ಕಿಂತ ದೊಡ್ಡ ಮೋಸ ತೊಳೆದ ಮೇಲೆ ಗೊತ್ತಾಗುತ್ತದೆ. ಅಗ್ಗದ ನೂಲಿನಲ್ಲಿ ಹೆಣೆದ ಬಟ್ಟೆಗೂ ಕೊನೆಯಲ್ಲಿ ಒಂದು ಕೆಮಿಕಲ್ ಫಿನಿಶ್ ಕೊಟ್ಟು ನೀರು ಹೀರುವ ಹಾಗೆ ಮಾಡಬಹುದು. ಹೊಸದರಲ್ಲಿ ಒಂದು ಹನಿ ನೀರು ಬಿಟ್ಟರೆ ಕ್ಷಣದಲ್ಲಿ ಹರಡಿಹೋಗುತ್ತದೆ, ನೋಡಿದವರು ಇದೇ ಒಳ್ಳೆ ಮಾಲು ಅಂತಾರೆ. ಫಿನಿಶ್ ಗಟ್ಟಿ ಇಲ್ಲದಿದ್ದರೆ ಕೆಲವೇ ತೊಳೆತಕ್ಕೆ ಅದು ಹೋಗುತ್ತದೆ. ಆಮೇಲೆ ಅದೇ ಬಟ್ಟೆಯ ಮೇಲೆ ಹನಿ ಬಿಟ್ಟರೆ ಗುಂಡಗೆ ಹಾಗೇ ಕೂತಿರುತ್ತದೆ. ಒಬ್ಬ ವ್ಯಾಪಾರಿ ಡ್ರೈಫಿಟ್ ಅಂತ ಕೊಟ್ಟ ಬಟ್ಟೆಯಲ್ಲಿ ನಾವು ಒಂದು ಶಾಲೆಗೆ ಜರ್ಸಿ ಹೊಲಿದು ಕೊಟ್ಟಿದ್ದೆವು. ಒಂದು ಸೀಸನ್ ಮುಗಿಯುವುದರೊಳಗೆ ಅಲ್ಲಿನ ಪಿಟಿ ಮಾಸ್ತರು ಒಂದು ಜರ್ಸಿ ತಂದು ನನ್ನ ಟೇಬಲ್ ಮೇಲೆ ಹಾಕಿದರು. ಮಕ್ಕಳ ಬೆನ್ನಿಗೆ ಪ್ಲಾಸ್ಟಿಕ್ ಸುತ್ತಿದ ಹಾಗೆ ಆಗ್ತಿದೆ, ಕಂಕುಳಲ್ಲಿ ಕೆಂಪಗೆ ಗುಳ್ಳೆ ಏಳ್ತಿವೆ ಅಂದರು. ವ್ಯಾಪಾರಿ ಫೋನ್ ಎತ್ತುವುದನ್ನೇ ಬಿಟ್ಟ. ಆ ಮಕ್ಕಳ ತಂದೆ-ತಾಯಿ ಹೆಚ್ಚಿನವರು ಕೂಲಿ ಮಾಡುವವರು, ಎರಡನೇ ಜರ್ಸಿ ಕೊಡಿಸುವ ಶಕ್ತಿ ಅವರಿಗೆಲ್ಲಿದೆ?

ಇದನ್ನು ಮೊದಲೇ ಹಿಡಿಯಲು ದೊಡ್ಡ ವಿಜ್ಞಾನವೇನೂ ಬೇಡ. ಬಟ್ಟೆಯ ಪಟ್ಟಿಯೊಂದರ ತುದಿಯನ್ನು ನೀರಿನಲ್ಲಿ ಅದ್ದಿ ನೇತುಹಾಕಿ, ಅರ್ಧ ಗಂಟೆಯಲ್ಲಿ ನೀರು ಎಷ್ಟು ಮೇಲೇರಿತು ಅಂತ ನೋಡುವುದು. ಅದೇ ಬಟ್ಟೆಯನ್ನು 20 ಸಲ ತೊಳೆದು ಮತ್ತೆ ನೋಡುವುದು. ಗಾಳಿ ಎಷ್ಟು ಹಾಯುತ್ತದೆ, ಬೆವರಿಗೆ ಬಣ್ಣ ಬಿಡುತ್ತದಾ, ಎಷ್ಟು ಒತ್ತಡಕ್ಕೆ ಹರಿಯುತ್ತದೆ ಅಂತ ಅಳೆಯಲು ಮಾತ್ರ ಯಂತ್ರ ಬೇಕು. ಆ ಯಂತ್ರಗಳು ನಮ್ಮಂಥವರು ಒಬ್ಬೊಬ್ಬರೇ ಕೊಳ್ಳುವಂಥವಲ್ಲ. ಸ್ಯಾಂಪಲ್ ಬೆಂಗಳೂರಿಗೆ ಕಳಿಸಿ ವರದಿ ಬರುವಷ್ಟರಲ್ಲಿ ನಮ್ಮ ಡೆಲಿವರಿ ದಿನವೇ ದಾಟಿರುತ್ತದೆ.

ಬಟ್ಟೆ ಪರೀಕ್ಷೆ ನಮ್ಮೂರಿಗೆ ಹೊಸದಾ? ಹುಬ್ಬಳ್ಳಿಯ ಬೆಂಗೇರಿಯಲ್ಲಿ ಖಾದಿ ರಾಷ್ಟ್ರಧ್ವಜ ತಯಾರಾಗುವುದು ಬಿಐಎಸ್, ಅಂದರೆ ಭಾರತೀಯ ಮಾನಕ ಬ್ಯೂರೋದ ಮಾನದಂಡದ ಪ್ರಕಾರ. ನೂಲು, ನೇಯ್ಗೆ, ತೂಕ, ಬಣ್ಣ, ಅಳತೆ ಎಲ್ಲವನ್ನೂ ನೋಡಿ, ಒಂದು ತಪ್ಪಿದರೂ ಆ ಧ್ವಜ ತಿರಸ್ಕಾರವಾಗುತ್ತದೆ. 2021ರ ಡಿಸೆಂಬರ್‌ನಲ್ಲಿ ಧ್ವಜ ಸಂಹಿತೆ ತಿದ್ದಿ ಪಾಲಿಯೆಸ್ಟರ್ ಧ್ವಜಕ್ಕೂ ಅವಕಾಶ ಕೊಟ್ಟ ಮೇಲೆ ಅಲ್ಲಿ ಧ್ವಜ ತಯಾರಿಸುವ ಹೆಣ್ಣುಮಕ್ಕಳ ಕೆಲಸಕ್ಕೆ ಬಿದ್ದ ಪೆಟ್ಟನ್ನು ನಾವು ಕಣ್ಣಾರೆ ಕಂಡಿದ್ದೇವೆ. ಧ್ವಜ ಖಾದಿಯದ್ದೇ ಇರಲಿ ಅನ್ನುವವನು ನಾನು. ಪಾಲಿಯೆಸ್ಟರ್ ಇರಬೇಕಾದ ಜಾಗ ಆಟದ ಮೈದಾನ, ಅಲ್ಲಿ ಅದು ಪರೀಕ್ಷೆ ಪಾಸಾಗಿ ಬರಲಿ ಅನ್ನುವುದಷ್ಟೇ ನನ್ನ ಮಾತು.

ಇನ್ನು ಟೆಂಡರ್. ನಾನು ನೋಡಿದ ಎಷ್ಟೋ ಟೆಂಡರ್‌ಗಳಲ್ಲಿ "ಉತ್ತಮ ಗುಣಮಟ್ಟದ ಪಾಲಿಯೆಸ್ಟರ್ ಟಿ-ಶರ್ಟ್" ಅಂತ ಒಂದೇ ಸಾಲು ಇರುತ್ತದೆ. ಉತ್ತಮ ಅಂದರೆ ಏನು ಅಂತ ಎಲ್ಲೂ ಇಲ್ಲ. ಕಡಿಮೆ ರೇಟ್ ಹಾಕಿದವರಿಗೆ ಕೆಲಸ. ಒಳ್ಳೆ ನೂಲಿನ ಬಟ್ಟೆ ತರುವವನು ರೇಟಿನಲ್ಲಿ ಸೋಲುತ್ತಾನೆ. ಅಲ್ಲಿ ಇಷ್ಟು ಬರೆಯಿಸಿ: ಜಿಎಸ್‌ಎಂ ಎಷ್ಟು, 5 ಶೇಕಡಾಕ್ಕಿಂತ ಹೆಚ್ಚು ಏರುಪೇರು ಬೇಡ. ನೂಲು ಯಾವುದು. 20 ತೊಳೆತದ ಮೇಲೂ ನೀರು ಹೀರಬೇಕು. ಬೆವರಿಗೆ ಬಣ್ಣ ಬಿಡಬಾರದು. ಡೆಲಿವರಿಯಾದ ಲಾಟ್‌ನಿಂದಲೇ ಸ್ಯಾಂಪಲ್ ತೆಗೆದು ಪರೀಕ್ಷಿಸಬೇಕು, ಟೆಂಡರ್ ಜೊತೆ ಕೊಟ್ಟ ಸ್ಯಾಂಪಲ್ ಅಲ್ಲ. ಕೊನೆಯದನ್ನು ದಯವಿಟ್ಟು ಬಿಡಬೇಡಿ, ಸ್ಯಾಂಪಲ್ ಎಲ್ಲರದ್ದೂ ಚೆನ್ನಾಗಿಯೇ ಇರುತ್ತದೆ.

ದೊಡ್ಡ ಯೋಜನೆಗಳಿಗೆ ಕೊರತೆ ಇಲ್ಲ. ಕಲಬುರಗಿಗೆ ಕೇಂದ್ರದ ದೊಡ್ಡ ಜವಳಿ ಪಾರ್ಕ್, ಪಿಎಂ ಮಿತ್ರ ಪಾರ್ಕ್ ಘೋಷಣೆಯಾಗಿದೆ, ಸಂತೋಷ. ಪಾಲಿಯೆಸ್ಟರ್ ಥರದ ಬಟ್ಟೆಗಳಿಗೆ, ಉತ್ಪಾದನೆ ಹೆಚ್ಚಿಸಿದವರಿಗೆ ಪ್ರೋತ್ಸಾಹಧನ ಕೊಡುವ ಕೇಂದ್ರದ ಪಿಎಲ್‌ಐ ಯೋಜನೆ 2021ರಲ್ಲಿ 10,683 ಕೋಟಿ ರೂಪಾಯಿಯೊಂದಿಗೆ ಬಂತು. ಆದರೆ ಅದಕ್ಕೆ ಆಗ ಕೇಳಿದ್ದು ಕನಿಷ್ಠ 100 ಕೋಟಿ ಹೂಡಿಕೆ. ಆಮೇಲೆ ಇಳಿಸಿದ್ದಾರೆ, ಆದರೂ ಹೊಲಿಗೆ ಮಷಿನ್‌ಗೆ ಸಾಲ ತೀರಿಸುತ್ತಿರುವ ನಮಗೆ ಅದು ನಿಲುಕುವುದಿಲ್ಲ. ನಮಗೆ ಹೊಂದುವುದು ಸಣ್ಣ ಉದ್ಯಮಗಳ ಕ್ಲಸ್ಟರ್ ಯೋಜನೆ. ಅದರಲ್ಲಿ ಎಲ್ಲ ಯೂನಿಟ್‌ನವರೂ ಹಂಚಿಕೊಂಡು ಬಳಸುವ ಸಾಮಾನ್ಯ ಸೌಲಭ್ಯ ಕೇಂದ್ರ ಕಟ್ಟಲು 5ರಿಂದ 10 ಕೋಟಿಯ ಯೋಜನೆಗೆ ಕೇಂದ್ರವೇ 70 ಶೇಕಡಾವರೆಗೆ ಕೊಡುತ್ತದೆ. ತಾರಿಹಾಳದಲ್ಲೋ ಗೋಕುಲ ರಸ್ತೆಯ ಕೈಗಾರಿಕಾ ಪ್ರದೇಶದಲ್ಲೋ ಜಾಗ ಕೊಡಿಸಿ, ರಾಜ್ಯದ ಪಾಲು ಸೇರಿಸಿ. ಲ್ಯಾಬ್ ಮೊದಲು ಬರಲಿ, ಅದರ ಪಕ್ಕದಲ್ಲೇ ಮುಂದೆ ಬಟ್ಟೆ ಹೆಣೆಯುವ ನಾಲ್ಕಾರು ಸರ್ಕ್ಯುಲರ್ ನಿಟಿಂಗ್ ಮಷಿನ್ ಕೂರಲಿ. 2025ರ ಸೆಪ್ಟೆಂಬರ್ 22ರಿಂದ ಪಾಲಿಯೆಸ್ಟರ್ ನೂಲಿನ ಜಿಎಸ್‌ಟಿ 12ರಿಂದ 5 ಶೇಕಡಾಕ್ಕೆ ಇಳಿದಿದೆ. ನೂಲು ತಂದು ಇಲ್ಲೇ ಹೆಣೆಯುವ ಲೆಕ್ಕ ಮೊದಲಿಗಿಂತ ಸುಲಭವಾಗಿದೆ.

ಬಣ್ಣ ಹಾಕುವ ಘಟಕ ಮಾತ್ರ ಅವಸರದಲ್ಲಿ ತರಬೇಡಿ. ಪಾಲಿಯೆಸ್ಟರ್‌ಗೆ ಬಣ್ಣ ಹಿಡಿಸಲು 130 ಡಿಗ್ರಿ ಬಿಸಿಯಲ್ಲಿ, ಒತ್ತಡದಲ್ಲಿ ನೀರು ಕುದಿಸಬೇಕು, ಆ ನೀರು ಎಲ್ಲೋ ಹೋಗಲೇಬೇಕಲ್ವಾ? ನೊಯ್ಯಲ್ ನದಿ ಕೆಟ್ಟು 2011ರಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಿಸಿತ್ತು. ಮಲಪ್ರಭೆಯ ನೀರಿಗೆ ದಿನಗಟ್ಟಲೆ ಕಾಯುವ ನಮ್ಮೂರಿಗೆ ಅಂಥದ್ದು ಬೇಡ. ಬಿಳಿ ಬಟ್ಟೆ ತಂದು ಕಾಗದದಿಂದ ಬಿಸಿ ಒತ್ತಿ ಚಿತ್ರ ಇಳಿಸುವ ಸಬ್ಲಿಮೇಶನ್ ಪ್ರಿಂಟ್‌ಗೆ ನೀರು ಬೇಕಿಲ್ಲ, ಜರ್ಸಿಯ ಹೆಸರು, ನಂಬರು, ಪಟ್ಟೆ ಎಲ್ಲ ಅದರಲ್ಲೇ ಬರುತ್ತದೆ. ಮುಂದೆ ಇಲ್ಲೇ ಹೆಣೆದರೆ, ಆ ಕಚ್ಚಾ ಬಟ್ಟೆಗೆ ಹತ್ತಿದ ಎಣ್ಣೆ ತೊಳೆದು ಬಿಸಿಯಲ್ಲಿ ಸೆಟ್ ಮಾಡುವ ಕೆಲಸವನ್ನು ಸದ್ಯಕ್ಕೆ ಹೊರಗೆ ಮಾಡಿಸಿಕೊಳ್ಳುತ್ತೇವೆ.

ಮುಂದಿನ ವರ್ಷದ ಕ್ರೀಡಾಕೂಟಗಳ ಜರ್ಸಿ ಟೆಂಡರ್ ಕರೆಯುವ ಮೊದಲು ಮೇಲೆ ಹೇಳಿದ ಸಾಲುಗಳನ್ನು ಸೇರಿಸಲು ಅಧಿಕಾರಿಗಳಿಗೆ ಸೂಚಿಸಿ. ಅದಕ್ಕೆ ಹೊಸ ಬಜೆಟ್ ಬೇಕಿಲ್ಲ. ಲ್ಯಾಬಿನ ಅರ್ಜಿ ಕೆಲಸ ನಾವು ಮಾಡುತ್ತೇವೆ, ಜೊತೆಗೆ ಬರಲು ಬೇರೆ ಯೂನಿಟ್‌ನವರೂ ಒಪ್ಪಿದ್ದಾರೆ. ಹುಬ್ಬಳ್ಳಿಗೆ ಬಂದಾಗ ಅರ್ಧ ಗಂಟೆ ಸಮಯ ಕೊಡಿ. ಒಳ್ಳೆಯದೊಂದು, ಕೆಟ್ಟದ್ದೊಂದು, ಎರಡೂ ಬಟ್ಟೆ ತೊಳೆದು ತರುತ್ತೇವೆ, ನಿಮ್ಮ ಮುಂದೆಯೇ ನೀರು ಬಿಟ್ಟು ನೋಡೋಣ.

ಇಂತಿ ನಿಮ್ಮ ವಿಶ್ವಾಸಿ,
ಹುಬ್ಬಳ್ಳಿಯ ಒಬ್ಬ ಜರ್ಸಿ ತಯಾರಕ