ಮುಲ್ಲರ್ ಕೋಶದ ಕರೆಂಟ್ ಅಳೆಯುವವರ ಗಮನಕ್ಕೆ

ಸದಸ್ಯರೇ, ಮುಲ್ಲರ್ ಕೋಶದಲ್ಲಿ (ಕಣ್ಣಿನ ರೆಟಿನಾದ ಆಧಾರ ಕೋಶ) ಪೊಟ್ಯಾಸಿಯಂ ಕರೆಂಟ್ ಕಡಿಮೆ ಬಂದ ಮಾತ್ರಕ್ಕೆ ಅದನ್ನು ಕಾಯಿಲೆಯ ಲೆಕ್ಕಕ್ಕೆ ಹಾಕಬೇಡಿ. ಪೊಟ್ಯಾಸಿಯಂ ಹಾಯುವ ಕಿರ್ 4.1 ಚಾನೆಲ್‌ಗಳು ದಟ್ಟವಾಗಿರುವುದು ವಿಟ್ರಿಯಸ್ (ಕಣ್ಣಿನೊಳಗಿನ ಜೆಲ್ಲಿ) ಕಡೆಯ ಪಾದದಲ್ಲಿ ಮತ್ತು ರಕ್ತನಾಳಗಳ ಸುತ್ತ. ಕೋಶಗಳನ್ನು ಬಿಡಿಸಲು ಪಪೈನ್ ಕಿಣ್ವ ಹಾಕಿದ ಮೇಲೆ ಪಿಪೆಟ್‌ನಿಂದ ಜೋರಾಗಿ ಎಳೆದು ಬಿಟ್ಟರೆ ಆ ಪಾದವೇ ಮುರಿಯುತ್ತದೆ, ಅದರೊಂದಿಗೆ ಕರೆಂಟಿನ ದೊಡ್ಡ ಪಾಲೂ ಹೋಗುತ್ತದೆ. ಹಾಗಾಗಿ ಅಗಲವಾದ ಪಾದ ಕಣ್ಣಿಗೆ ಸ್ಪಷ್ಟವಾಗಿ ಕಾಣುವ ಕೋಶವನ್ನೇ ಆರಿಸಿ, ಪ್ರತಿಯೊಂದರ ಕೆಪಾಸಿಟೆನ್ಸ್ (ಪೊರೆಯ ವಿಸ್ತಾರದ ಅಳತೆ) ಬರೆದಿಡಿ.

ಹೊರಗೆ 3, ಒಳಗೆ 130 ಮಿಲಿಮೋಲಾರ್ ಪೊಟ್ಯಾಸಿಯಂ ಇದ್ದರೆ ಕೋಣೆಯ ತಾಪದಲ್ಲಿ ಅದರ ಸಮತೋಲನ ವೋಲ್ಟೇಜ್ ಸುಮಾರು −96 ಮಿಲಿವೋಲ್ಟ್. ಆರೋಗ್ಯವಂತ ಕೋಶ −80ರ ಆಸುಪಾಸಿನಲ್ಲಿ ನಿಲ್ಲಬೇಕು. −50ಕ್ಕೆ ಏರಿದ್ದರೆ ಮೊದಲು ಪಿಪೆಟ್ ಮತ್ತು ಕೋಶದ ಪೊರೆಯ ನಡುವಿನ ಸೀಲ್ ಸೋರುತ್ತಿದೆಯೇ ನೋಡಿ.

ಕಿರ್ ಚಾನೆಲ್ ಮುಚ್ಚಲು ಬೇರಿಯಂ 100 ಮೈಕ್ರೋಮೋಲಾರ್ ಸಾಕು. ಆದರೆ ಹೊರದ್ರಾವಣದಲ್ಲಿ ಸಲ್ಫೇಟ್ ಇರಲೇಬಾರದು, ಬೇರಿಯಂ ಸಲ್ಫೇಟ್ ಬಿಳಿ ಪುಡಿಯಾಗಿ ತಳ ಸೇರುತ್ತದೆ, ಚಾನೆಲ್ ಮುಚ್ಚಲು ಏನೂ ಉಳಿಯುವುದಿಲ್ಲ. ಮೆಗ್ನೀಸಿಯಂ ಸಲ್ಫೇಟ್ ಬದಲು ಮೆಗ್ನೀಸಿಯಂ ಕ್ಲೋರೈಡನ್ನೇ ಬಳಸಿ.

ಊತದ ಪರೀಕ್ಷೆಗೆ ಕಂಟ್ರೋಲ್ ತಪ್ಪಿಸಬೇಡಿ, ದಯವಿಟ್ಟು. ದ್ರಾವಣದ ಆಸ್ಮೊಲಾರಿಟಿಯನ್ನು (ಕರಗಿದ ಕಣಗಳ ಸಾಂದ್ರತೆ) 60%ಕ್ಕೆ ಇಳಿಸಿದರೂ ಆರೋಗ್ಯವಂತ ಕೋಶದ ಒಡಲು ಅಷ್ಟಾಗಿ ಉಬ್ಬುವುದಿಲ್ಲ, ಬೇರಿಯಂ ಸೇರಿಸಿದರೆ ಉಬ್ಬುತ್ತದೆ. ಮಧುಮೇಹ ಅಥವಾ ರಕ್ತದ ಕೊರತೆಗೆ ಸಿಕ್ಕ ರೆಟಿನಾದಲ್ಲಿ ಬೇರಿಯಂ ಇಲ್ಲದೆಯೇ ಊದುತ್ತದೆ. ಅಕ್ವಾಪೊರಿನ್-4 ಎಂಬ ನೀರಿನ ಚಾನೆಲ್ ಮೂಲಕ ನೀರು ಒಳಬರುತ್ತಲೇ ಇರುತ್ತದೆ, ಪೊಟ್ಯಾಸಿಯಂ ಹೊರಹೋಗುವ ದಾರಿ ಮಾತ್ರ ಕುಗ್ಗಿರುತ್ತದೆ. ರೆಟಿನಾದ ನಡುಭಾಗವಾದ ಮ್ಯಾಕ್ಯುಲದ ಊತಕ್ಕೆ ರಕ್ತನಾಳದ ಸೋರಿಕೆಯ ಜೊತೆ ಇದನ್ನೂ ಕಾರಣವಾಗಿ ಪರಿಗಣಿಸುವುದು ಇದಕ್ಕೇ.