ಕಂಡದ್ದನ್ನು ಕ್ರಮವಾಗಿ ಇಟ್ಟುಕೊಳ್ಳುವುದೂ ಕಲೆಯ ಕೆಲಸವೇ

ಮಾನ್ಯ ಸಂಪಾದಕರೇ,

ಕಲೆಯನ್ನು ಕುರಿತು ಪತ್ರಿಕೆಗಳಲ್ಲಿ ಬರುವ ಲೇಖನಗಳಲ್ಲಿ ಸ್ಫೂರ್ತಿಯ ಮಾತು ಧಾರಾಳವಾಗಿರುತ್ತದೆ. ಕಲಾವಿದ ತಾನು ಕಂಡದ್ದನ್ನು ಎಲ್ಲಿ ಬರೆದಿಟ್ಟ, ಹೇಗೆ ವಿಂಗಡಿಸಿದ, ಬೇಕಾದಾಗ ಅದನ್ನು ಹೇಗೆ ಹುಡುಕಿ ತೆಗೆದ ಎಂಬ ವಿವರ ಮಾತ್ರ ಅಪರೂಪ. ಲೆಕ್ಕ ಬರೆದಿಡುವುದು ಗುಮಾಸ್ತರ ಕೆಲಸ, ಕಲಾವಿದನಿಗೆ ಅದು ಹೊರೆ ಎಂಬ ನಂಬಿಕೆ ಚಿತ್ರ ಬರೆಯಲು ತೊಡಗಿರುವ ಎಳೆಯರಲ್ಲಿ ಆಳವಾಗಿ ಬೇರೂರಿದೆ. ಚಿತ್ರಕಲೆಯನ್ನು ಕಲಿಸುವ ನನಗೆ ಈ ನಂಬಿಕೆಯಿಂದ ಆಗುತ್ತಿರುವ ನಷ್ಟ ಎದುರಿಗೇ ಕಾಣುತ್ತಿರುವುದರಿಂದ ಈ ಪತ್ರವನ್ನು ಬರೆಯುತ್ತಿದ್ದೇನೆ.

ದಿನವೂ ಕಣ್ಣಿಗೆ ಬೀಳುವುದನ್ನು ಕಲಾವಿದ ಗಮನಿಸುವುದೆಂದರೆ, ತನಗೆ ಗೊತ್ತಿರುವುದನ್ನು ಬದಿಗಿಟ್ಟು ಎದುರಿಗಿರುವುದನ್ನು ನೋಡುವುದು. ನೆರಳು ಕಪ್ಪು ಎಂದು ನಮಗೆಲ್ಲ ಗೊತ್ತು. ಆದರೆ ತಿಳಿಬಿಸಿಲಿನಲ್ಲಿ ಬಿಳಿ ಗೋಡೆಯ ಮೇಲೆ ಬಿದ್ದ ನೆರಳು ಆಕಾಶದ ಬೆಳಕನ್ನು ಪಡೆದು ನೀಲಿಯ ಕಡೆಗೆ ವಾಲಿರುತ್ತದೆ. ಕಾಯುತ್ತ ನಿಂತ ಮನುಷ್ಯ ಒಂದೇ ಕಾಲಿನ ಮೇಲೆ ಭಾರ ಹಾಕಿದಾಗ ಆ ಬದಿಯ ಸೊಂಟ ಮೇಲೇರಿ, ಅದೇ ಬದಿಯ ಭುಜ ಸಾಮಾನ್ಯವಾಗಿ ಕೆಳಗಿಳಿಯುತ್ತದೆ. ಇದನ್ನು ಗಮನಿಸದೆ ಬರೆದ ಆಕೃತಿ ಎಷ್ಟು ಅಂದವಾಗಿದ್ದರೂ ನೆಲದ ಮೇಲೆ ನಿಲ್ಲುವುದಿಲ್ಲ. ತೋಳನ್ನು ಮಡಚಿದಾಗ ಅಂಗಿಯ ನಿರಿಗೆಗಳು ಮೊಣಕೈಯ ಒಳಬದಿಯಿಂದ ಹೊರಟು ಹರಡುತ್ತವೆ. ನಿಂತ ನೀರಿನಲ್ಲಿ ಕಡುಬಣ್ಣದ ವಸ್ತುವಿನ ಪ್ರತಿಬಿಂಬ ವಸ್ತುವಿಗಿಂತ ತುಸು ತಿಳಿಯಾಗಿಯೂ, ಬಿಳಿಯ ವಸ್ತುವಿನ ಪ್ರತಿಬಿಂಬ ತುಸು ಮಂಕಾಗಿಯೂ ಕಾಣುತ್ತದೆ. ಇಂತಹ ವಿವರಗಳನ್ನು ಆ ಹೊತ್ತಿಗೇ ಗುರುತು ಹಾಕಿಕೊಳ್ಳದಿದ್ದರೆ, ಸಂಜೆ ಚಿತ್ರ ಬರೆಯಲು ಕುಳಿತಾಗ ಕೈಗೆ ಬರುವುದು ಹಗಲು ಕಂಡ ನೆರಳಲ್ಲ, ಮೊದಲಿನಿಂದ ಗೊತ್ತಿದ್ದ ಅದೇ ಕಪ್ಪು ನೆರಳು.

ಈ ವಿಷಯದಲ್ಲಿ ಲಿಯೊನಾರ್ಡೊ ಡಾ ವಿಂಚಿಯ ಸಲಹೆ ಇಂದಿಗೂ ಹಳತಾಗಿಲ್ಲ. ಚಿತ್ರಕಾರನು ಸಣ್ಣದೊಂದು ಪುಸ್ತಕವನ್ನು ಸದಾ ಜೊತೆಯಲ್ಲಿಟ್ಟುಕೊಂಡು, ಮಾತನಾಡುವ, ಜಗಳವಾಡುವ, ನಗುವ ಜನರ ಭಂಗಿಗಳನ್ನು ಕೆಲವೇ ಗೆರೆಗಳಲ್ಲಿ ಹಿಡಿದಿಡಬೇಕು. ಅವನ್ನು ಅಳಿಸದೆ ಜೋಪಾನ ಮಾಡಬೇಕು. ಏಕೆಂದರೆ ಆಕಾರಗಳು ಅಸಂಖ್ಯ, ನೆನಪು ಅವನ್ನೆಲ್ಲ ಹಿಡಿದಿಟ್ಟುಕೊಳ್ಳಲಾರದು ಎಂಬುದು ಅವನ ಮಾತಿನ ಸಾರ. ಅದೇ ಲಿಯೊನಾರ್ಡೊ 1508ರ ಮಾರ್ಚ್ 22ರಂದು ಫ್ಲಾರೆನ್ಸಿನಲ್ಲಿ ಒಂದು ಟಿಪ್ಪಣಿ ಪುಸ್ತಕವನ್ನು ಆರಂಭಿಸುವಾಗ, ಇದು ಹಲವು ಹಾಳೆಗಳಿಂದ ಎತ್ತಿ ಬರೆದ, ಕ್ರಮವಿಲ್ಲದ ಸಂಗ್ರಹ, ಮುಂದೆ ವಿಷಯವಾರು ಜೋಡಿಸುವ ಆಸೆಯಿದೆ ಎಂದು ಬರೆದುಕೊಂಡ. ಆ ಜೋಡಣೆ ಅವನ ಕೈಯಲ್ಲಿ ಮುಗಿಯಲೇ ಇಲ್ಲ. ಅವನು 1519ರಲ್ಲಿ ತೀರಿಕೊಂಡ ಮೇಲೆ ಕಾಗದಗಳು ಶಿಷ್ಯ ಫ್ರಾನ್ಸೆಸ್ಕೊ ಮೆಲ್ಜಿಯ ಪಾಲಿಗೆ ಬಂದವು. ಮೆಲ್ಜಿಯ ನಂತರ ಹಲವರ ಕೈಗೆ ಚದುರಿದವು. ಶಿಲ್ಪಿ ಪೊಂಪಿಯೊ ಲಿಯೋನಿಯ ಕೈಗೆ ಸಿಕ್ಕ ಹಾಳೆಗಳಲ್ಲಿ ಅನೇಕವು ಕತ್ತರಿಸಲ್ಪಟ್ಟು ಬೇರೆ ಕ್ರಮದಲ್ಲಿ ಅಂಟಿಸಲ್ಪಟ್ಟವು. ಚಿತ್ರಕಲೆಯ ಕುರಿತಾದ ಅವನ ಬರಹಗಳು ಮೊದಲ ಬಾರಿಗೆ ಮುದ್ರಣ ಕಂಡದ್ದು 1651ರಲ್ಲಿ, ಪ್ಯಾರಿಸಿನಲ್ಲಿ. ಮ್ಯಾಡ್ರಿಡ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿದ್ದ ಅವನ ಎರಡು ಹಸ್ತಪ್ರತಿಗಳಂತೂ 1960ರ ದಶಕದವರೆಗೆ ಯಾರ ಗಮನಕ್ಕೂ ಬಾರದೆ ಉಳಿದವು. ಅಂತಹ ಕಣ್ಣಿದ್ದವನ ಬರಹಗಳಿಗೇ ಈ ಗತಿಯಾದರೆ, ಹೆಸರಿಲ್ಲದ, ದಿನಾಂಕವಿಲ್ಲದ ಸಾವಿರಾರು ಫೋಟೊಗಳನ್ನು ಮೊಬೈಲಿನಲ್ಲಿ ತುಂಬಿಸಿಕೊಂಡು ಕುಳಿತಿರುವ ಇಂದಿನ ವಿದ್ಯಾರ್ಥಿಯ ಸಂಗ್ರಹದ ಗತಿಯೇನು ಎಂದು ನನಗೆ ಆತಂಕವಾಗುತ್ತದೆ.

ಫೋಟೊ ತೆಗೆಯಬಾರದೆಂದು ನಾನು ಹೇಳುತ್ತಿಲ್ಲ. ಆಕಾರವನ್ನು ನೆನಪಿಸಿಕೊಳ್ಳಲು ಅದು ಬಹಳ ಉಪಯುಕ್ತ. ಆದರೆ ಮೊಬೈಲಿನ ಕ್ಯಾಮೆರಾ ಮಬ್ಬು ಬೆಳಕನ್ನು ತಾನಾಗಿಯೇ ಏರಿಸಿ, ನೆರಳುಗಳನ್ನು ತೆಳುವಾಗಿಸಿ ತೋರಿಸುವುದರಿಂದ, ಮುಸ್ಸಂಜೆಯಲ್ಲಿ ಗೋಡೆ ಆಕಾಶಕ್ಕಿಂತ ಎಷ್ಟು ಗಾಢವಾಗಿತ್ತು ಎಂಬ ಸಂಬಂಧ ಅದರಲ್ಲಿ ಕಳೆದುಹೋಗುತ್ತದೆ. ಆ ಸಂಬಂಧವನ್ನು ಅಲ್ಲೇ ನಿಂತು ಒಂದು ಸಾಲಿನಲ್ಲಿ ಬರೆದುಕೊಳ್ಳಬೇಕಾಗುತ್ತದೆ. ಇಂಗ್ಲೆಂಡಿನ ಜಾನ್ ಕಾನ್‌ಸ್ಟೆಬಲ್ 1821 ಮತ್ತು 1822ರಲ್ಲಿ ಹ್ಯಾಂಪ್‌ಸ್ಟೆಡ್‌ನಲ್ಲಿ ಮೋಡಗಳ ಅಭ್ಯಾಸಚಿತ್ರಗಳನ್ನು ಬರೆದಾಗ, ಅವುಗಳಲ್ಲಿ ಹಲವುದರ ಹಿಂಬದಿಯಲ್ಲಿ ದಿನಾಂಕ, ಹೊತ್ತು, ಗಾಳಿಯ ದಿಕ್ಕು, ಹವೆಯ ಸ್ಥಿತಿಗಳನ್ನು ಬರೆದಿಟ್ಟ. ಆ ನಾಲ್ಕು ಮಾತುಗಳಿಂದಾಗಿ ಪ್ರತಿ ಹಾಳೆಯೂ ಒಂದು ನಿರ್ದಿಷ್ಟ ದಿನದ ನಿರ್ದಿಷ್ಟ ಆಕಾಶವಾಗಿ ಉಳಿದಿದೆ.

ಮುಗಿದ ಕೃತಿಗಳ ದಾಖಲೆಯೂ ಇಷ್ಟೇ ಮುಖ್ಯ. ಪೌಲ್ ಕ್ಲೀ 1911ರಲ್ಲಿ ತನ್ನ ಕೃತಿಗಳ ಪಟ್ಟಿಯನ್ನು ಸ್ವಹಸ್ತದಿಂದ ಬರೆಯಲು ತೊಡಗಿ, ಬಾಲ್ಯದ ಚಿತ್ರಗಳಲ್ಲಿ ಆಯ್ದವನ್ನೂ ಅದರಲ್ಲಿ ಸೇರಿಸಿ, 1940ರಲ್ಲಿ ಸಾಯುವ ವರ್ಷದವರೆಗೂ ಅದನ್ನು ಮುಂದುವರಿಸಿದ. ಅವನಷ್ಟು ಸ್ವಚ್ಛಂದವಾಗಿ ಗೆರೆ ಎಳೆದವರು ವಿರಳ. ಆ ಪಟ್ಟಿ ಅವನ ಸ್ವಾತಂತ್ರ್ಯಕ್ಕೆ ಎಲ್ಲಿಯೂ ಅಡ್ಡಿಯಾದಂತೆ ಕಾಣುವುದಿಲ್ಲ. ಹದಿನೇಳನೆಯ ಶತಮಾನದ ಕ್ಲೋಡ್ ಲೊರೇನ್ ತನ್ನ ವರ್ಣಚಿತ್ರಗಳ ರೇಖಾಪ್ರತಿಗಳನ್ನು ಒಂದು ಪುಸ್ತಕದಲ್ಲಿ ಮಾಡಿಟ್ಟುಕೊಂಡು, ಅನೇಕವುಗಳ ಹಿಂದೆ ಅವನ್ನು ಬರೆಸಿದವರ ಹೆಸರನ್ನೂ ನಮೂದಿಸಿದ್ದ. ತನ್ನ ಶೈಲಿಯನ್ನು ಅನುಕರಿಸಿ ಮಾರುತ್ತಿದ್ದವರಿಂದ ರಕ್ಷಣೆಗಾಗಿ ಹೀಗೆ ಮಾಡಿದ ಎಂದು ಅವನ ಜೀವನಚರಿತ್ರೆ ಬರೆದ ಬಾಲ್ದಿನುಚ್ಚಿ ಹೇಳುತ್ತಾನೆ. ಆ ಪುಸ್ತಕ ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ.

ಇದಕ್ಕೆ ದೊಡ್ಡ ಏರ್ಪಾಡೇನೂ ಬೇಕಾಗಿಲ್ಲ. ಪ್ರತಿ ಪುಟದ ಮೂಲೆಯಲ್ಲಿ ದಿನಾಂಕ ಮತ್ತು ಸ್ಥಳ, ಪುಟಗಳಿಗೆ ಸಂಖ್ಯೆ, ಪುಸ್ತಕದ ಕೊನೆಯ ಹಾಳೆಗಳಲ್ಲಿ ಕೈ, ನೆರಳು, ನೀರು, ಬಟ್ಟೆ ಎಂಬಂತೆ ವಿಷಯಸೂಚಿ ಇದ್ದರೆ, ಬೇಕಾದ ವಿವರ ಬೇಕಾದಾಗ ಸಿಗುತ್ತದೆ. ಹಾಳೆಗಳನ್ನು ಪೆನ್ಸಿಲ್, ಜಲವರ್ಣ ಎಂದು ಮಾಧ್ಯಮದ ಪ್ರಕಾರ ವಿಂಗಡಿಸುವ ರೂಢಿ ಹೆಚ್ಚು. ಮುಂದೆ ಬರೆಯಲಿರುವ ಕೃತಿಯ ಪ್ರಕಾರ ಕಡತ ಮಾಡಿಕೊಳ್ಳುವುದು ನನಗೆ ಹೆಚ್ಚು ಸರಿಯೆನಿಸುತ್ತದೆ, ಏಕೆಂದರೆ ಆಗ ಬೇರೆ ಬೇರೆ ದಿನ ಕಂಡ ವಿವರಗಳು ಒಂದರ ಪಕ್ಕ ಒಂದು ಬಂದು, ಮೊದಲು ಹೊಳೆಯದ ಸಂಬಂಧಗಳು ಅಲ್ಲಿ ಹೊಳೆಯುತ್ತವೆ. ಮುಗಿದ ಕೃತಿಗೆ ಹೆಸರು, ವರ್ಷ, ಮಾಧ್ಯಮ, ಅಳತೆ, ಅದು ಈಗ ಯಾರಲ್ಲಿದೆ ಎಂಬ ವಿವರ ಸಾಕು. ಕಾಗದದ ಹಿಂಬದಿಯಲ್ಲಿ ಬರೆಯುವಾಗ ಮೃದು ಪೆನ್ಸಿಲನ್ನೇ ಬಳಸಬೇಕು, ಶಾಯಿ ಮುಂಬದಿಗೆ ಇಳಿಯುವ ಅಪಾಯವಿದೆ.

ವಿದ್ಯಾರ್ಥಿಗಳ ಮೌಲ್ಯಮಾಪನದಲ್ಲಿ ಮುಗಿದ ಚಿತ್ರದ ಜೊತೆಗೆ ಅದರ ಹಿಂದಿನ ಟಿಪ್ಪಣಿ ಪುಸ್ತಕಕ್ಕೂ ಅಂಕಗಳಿರಬೇಕು, ಪ್ರದರ್ಶನಗಳಲ್ಲಿ ಒಂದು ಮೇಜಾದರೂ ಅಂತಹ ಪುಸ್ತಕಗಳಿಗೆ ಮೀಸಲಾಗಬೇಕು ಎಂಬುದು ಕಲಾಶಾಲೆಗಳಲ್ಲಿ ನನ್ನ ಕೋರಿಕೆ. ತಮ್ಮ ಪತ್ರಿಕೆಯೂ ಕಲಾವಿದರ ಸಂದರ್ಶನಗಳನ್ನು ಪ್ರಕಟಿಸುವಾಗ, ಅವರ ಪೂರ್ಣಗೊಂಡ ಕೃತಿಯ ಪಕ್ಕದಲ್ಲಿ ಅದಕ್ಕೆ ಮೂಲವಾದ ಟಿಪ್ಪಣಿಯ ಒಂದು ಪುಟವನ್ನು ಮುದ್ರಿಸಬೇಕೆಂದೂ, ಚಿತ್ರದ ಕೆಳಗೆ ವರ್ಷ, ಮಾಧ್ಯಮ, ಅಳತೆಗಳನ್ನು ತಪ್ಪದೆ ನಮೂದಿಸಬೇಕೆಂದೂ ವಿನಂತಿಸುತ್ತೇನೆ.

ಇತಿ,
ಚಿತ್ರಕಲಾ ಶಿಕ್ಷಕರೊಬ್ಬರು